ಸ್ನಾನದ ಹೊತ್ತಿನ ಗೆರೆಗಳು

ಹೃದಯಾಘಾತವಾದ ಮೇಲೆ ಮೂರು ತಿಂಗಳು ನಾನು, ಹೃದಯ ನಿಂತರೆ ಶಾಕ್ ಕೊಡುವ ಅಂಗಿಯೊಂದನ್ನು ತೊಟ್ಟಿದ್ದೆ. ಸ್ನಾನಕ್ಕೆ ಮಾತ್ರ ಅದನ್ನು ಬಿಚ್ಚಿ ಕುರ್ಚಿಗೆ ಹಾಕುತ್ತಿದ್ದೆ.

“ಬೇಗ ಬನ್ರಿ, ನನ್ನ ಸವತಿ ಕಾಯ್ತಿದ್ದಾಳೆ,” ಎಂದು ಹೆಂಡತಿ ಆ ಅಂಗಿಯ ಹೆಸರಲ್ಲಿ ಛೇಡಿಸುತ್ತಿದ್ದಳು.

ಮರಳಿ ತೊಟ್ಟಾಗ ಅದರ ಲೋಹದ ಬಿಲ್ಲೆಗಳು ಬೆಚ್ಚಗಿರುತ್ತಿದ್ದವು. ಯಾಕೆಂದು ಯೋಚಿಸುವಷ್ಟು ಆಸಕ್ತಿ ನನಗಿರಲಿಲ್ಲ.

ಹೃದಯ ಚೇತರಿಸಿಕೊಂಡಿದ್ದರೆ ಅಂಗಿ ವಾಪಸ್ಸು, ಇಲ್ಲವಾದರೆ ಎದೆಯೊಳಗೇ ಯಂತ್ರ. ಅದು ತೀರ್ಮಾನವಾಗುವ ದಿನ ಡಾಕ್ಟರಮ್ಮ, ಅಂಗಿ ದಾಖಲಿಸಿದ್ದ ಬಡಿತದ ಗೆರೆಗಳನ್ನು ಪರದೆಯ ಮೇಲೆ ತೆರೆದರು.

“ಸ್ನಾನಕ್ಕೂ ಬಿಚ್ಚಿಲ್ವಾ ನೀವು?”

“ದಿನಾ ಬಿಚ್ತಿದ್ದೆ. ಬೆಳಗ್ಗೆ ಎಂಟಕ್ಕೆ, ಕಾಲು ಗಂಟೆ.”

ಅವರು ಪರದೆಯನ್ನು ನನ್ನತ್ತ ತಿರುಗಿಸಿದರು. ನನ್ನ ಬಡಿತ ಇಡೀ ದಿನ ಕುಂಟುತ್ತಿತ್ತು. ಅಂಗಿ ಕುರ್ಚಿಯ ಮೇಲಿದ್ದ ಆ ಕಾಲು ಗಂಟೆಯಲ್ಲಿ ಮಾತ್ರ, ತೊಂಬತ್ತು ದಿನವೂ, ಯಾರದೋ ಹೃದಯ ಒಂದು ಬಡಿತವೂ ತಪ್ಪದೆ ಬಡಿದಿತ್ತು.