ಆಕ್ಷೇಪಣೆಗೆ ಒಂದು ವಾರ

ಆ ಭಾನುವಾರ ಶಮ್ನಾ ತೋಡಾರಿನಿಂದ ಮೂಡುಬಿದಿರೆಯ ಬಸ್ಸು ಹತ್ತಿದ್ದೇ ಜಗಳಕ್ಕೆ. ದಾರಿಯುದ್ದಕ್ಕೂ ಮಾತುಗಳನ್ನು ಮಸೆದಿಟ್ಟುಕೊಂಡಿದ್ದಳು.

ಗಣಿತದ ಪುಟಗಳನ್ನು ಕಂಪ್ಯೂಟರಿನಲ್ಲಿ ಅಂದವಾಗಿ ಜೋಡಿಸಲು ಲೇಟೆಕ್ ಎಂಬುದೊಂದಿದೆ. ಅದರ ಕಮಾಂಡು, ಚಿಹ್ನೆಗಳಿಗೆ ಕನ್ನಡದಲ್ಲೊಂದು ಕೈಪಿಡಿ ಬೇಕೆಂದು ಈ ಕಡೆಯ ಅಧ್ಯಾಪಕರು ಕೆಲವರು ಸೇರಿ ವೆಬ್‌ಸೈಟ್ ಶುರುಮಾಡಿದ್ದರು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ನಿಯಮ ಒಂದೇ: ಇನ್ನೊಬ್ಬರ ಪುಟಕ್ಕೆ ಕೈ ಹಾಕುವ ಮೊದಲು ನೋಟಿಸು ಹಾಕಿ, ಆಕ್ಷೇಪಣೆಗೆ ಒಂದು ವಾರ ಕಾಯಬೇಕು.

ಕಾಲೇಜಿನಲ್ಲಿ ಗಣಿತ ಕಲಿಸುವ ಶಮ್ನಾ ರಜೆಯಿಡೀ ಕೂತು ಚಿಹ್ನೆಗಳ ಪುಟವನ್ನು ಅಕಾರಾದಿಯಾಗಿ ಕಟ್ಟಿದ್ದಳು. ನೌಫಲ್ ಎಂಬವನೊಬ್ಬ ಹೇಳದೆ ಕೇಳದೆ ಅದನ್ನು ಅಡಿಮೇಲು ಮಾಡಿಟ್ಟಿದ್ದ. ಮುಖ ನೋಡಿ ನಾಲ್ಕು ಮಾತು ಬೈದು, ಈ ಕೆಲಸಕ್ಕೇ ಕೈಮುಗಿದು ಬರುವುದೆಂದು ಅವಳು ನಿರ್ಧರಿಸಿದ್ದಳು.

ಕೈಪಿಡಿಗೆ ಬರೆಯುವವರೆಲ್ಲ ಅಂದು ಸೇರಿದ್ದ ಮೂಡುಬಿದಿರೆಯ ಗ್ರಂಥಾಲಯದ ಕೋಣೆಯಲ್ಲಿ, ಲ್ಯಾಪ್‌ಟಾಪಿನ ಹಿಂದಿನಿಂದ ಉದ್ದನೆಯವನೊಬ್ಬ ಎದ್ದು ನಿಂತ.

"ನಾನು ನೌಫಲ್. ಕಕ್ಕಿಂಜೆಯವ. ಬೆಳ್ತಂಗಡಿಯಲ್ಲಿ ಹೈಸ್ಕೂಲ್ ಟೀಚರ್."

"ನನ್ನ ಪುಟ ಹಾಳು ಮಾಡಿದ್ದು ನೀವೇ ಅಲ್ವಾ? ನೋಟಿಸು ಉಂಟಾ?"

"ಇಲ್ಲ. ಅದು ತಪ್ಪಾಯ್ತು."

ಅಷ್ಟು ಬೇಗ ಒಪ್ಪಿಕೊಂಡರೆ ಜಗಳವಾಡುವುದು ಹೇಗೆ! ಮಸೆದ ಮಾತುಗಳೆಲ್ಲ ದಂಡವಾದವು.

"ಒಮ್ಮೆ ನೋಡಿ, ಮತ್ತೆ ಬೈಯಿರಿ," ಎಂದು ಅವನು ಲ್ಯಾಪ್‌ಟಾಪ್ ತಿರುಗಿಸಿದ.

ಚಿಹ್ನೆಗಳನ್ನು ಅವನು ಆಕಾರ ನೋಡಿ ಕೂರಿಸಿದ್ದ. ದುಂಡಗಿನವು ಒಂದೆಡೆ, ಕೊಕ್ಕೆಯಂಥವು ಒಂದೆಡೆ, ಬಾಣಗಳೆಲ್ಲ ಇನ್ನೊಂದೆಡೆ.

"ಡಿಗ್ರಿಯಲ್ಲಿರುವಾಗ ಒಂದು ಪುಸ್ತಕದಲ್ಲಿ ಇಂಗ್ಲಿಷಿನ ಎ ತಲೆಕೆಳಗಾದದ್ದು ಕಂಡೆ. ಪ್ರಿಂಟಿಂಗ್ ಮಿಸ್ಟೇಕ್ ಅಂತ ಪೆನ್ನಲ್ಲಿ ನೆಟ್ಟಗೆ ಮಾಡಿದೆ. ಪುಸ್ತಕ ಪೂರ್ತಿ."

ಶಮ್ನಾಳಿಗೆ ನಗು ತಡೆಯಲಾಗಲಿಲ್ಲ. "ಅದು 'ಪ್ರತಿಯೊಂದಕ್ಕೂ' ಅಂತ ಅರ್ಥ ಮಾರಾಯ್ರೆ!"

"ಈಗ ಗೊತ್ತುಂಟು. ಹೆಸರು ಗೊತ್ತಿಲ್ಲದವ ಅಕಾರಾದಿಯಲ್ಲಿ ಏನಂತ ಹುಡುಕುವುದು? ಅವನ ಹತ್ರ ಇರುವುದು ಕಣ್ಣು ಮಾತ್ರ."

ಅವಳು ಪುಟವನ್ನು ಮೆಲ್ಲಗೆ ಕೆಳಗೆ ಸರಿಸಿದಳು. ಯಾವ ಯಾವ ದೇಶದಲ್ಲೋ, ಯಾವ ಕಾಲದಲ್ಲೋ, ಮಾತಿಗೆ ನಿಲುಕದ್ದನ್ನು ಹೇಳಲು ಹೊರಟ ಮನುಷ್ಯರು ಗೀಚಿದ ಗೆರೆಗಳು. ಕೊನೆಯಿಲ್ಲದ್ದಕ್ಕೆ ಒಂದು ಗೆರೆ, ಏನೂ ಇಲ್ಲದ್ದಕ್ಕೂ ಒಂದು. ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಅಳಿಸಿದವೇ, ಮದುವೆಮನೆಯ ನೆಂಟರ ಹಾಗೆ ಒಟ್ಟಿಗೆ ಕೂತು ಅವಳನ್ನು ನೋಡುತ್ತಿದ್ದವು. ಮೈ ಜುಮ್ಮೆಂದಿತು. ಇಷ್ಟು ದಿನ ಇವನ್ನು ತಾನು ನೋಡಿಯೇ ಇರಲಿಲ್ಲ ಎನಿಸಿತು.

ತಲೆಯೆತ್ತಿದರೆ, ನೌಫಲ್ ಪರದೆಯನ್ನು ಬಿಟ್ಟು ಅವಳ ಬೆರಗನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನ ಕಿವಿ ಕೆಂಪಾಯಿತು.

"ಬೈಯುವುದಿಲ್ವಾ?"

"ಅಕಾರಾದಿಯೂ ಇರ್ಲಿ, ಆಕಾರವೂ ಇರ್ಲಿ. ಒಟ್ಟಿಗೆ ಮಾಡುವ. ಆದ್ರೆ ಇನ್ನು ನೋಟಿಸು ಹಾಕದೆ ಒಂದು ಚುಕ್ಕೆಯನ್ನೂ ಮುಟ್ಟಬಾರದು."

ಆ ಮಳೆಗಾಲವಿಡೀ ಭಾನುವಾರಗಳಲ್ಲಿ ಪುಟ ಬೆಳೆಯಿತು. ಪುಣ್ಯಾತ್ಮ ಒಂದು ಅಲ್ಪವಿರಾಮ ತೆಗೆಯಲೂ ನೋಟಿಸು ಹಾಕಿ ವಾರ ಕಾಯುತ್ತಿದ್ದ. ನೋಟಿಸು ಬರದ ದಿನ ಶಮ್ನಾಳಿಗೆ ಊಟ ಸೇರುತ್ತಿರಲಿಲ್ಲ. ಅವನನ್ನು ತಾನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು ಹಾಗೆ.

ಒಂದು ಭಾನುವಾರ ಅವಳು ಕೀಬೋರ್ಡು ನೋಡುತ್ತಲೇ ಹೇಳಿದಳು. "ಬಂಟ್ವಾಳದಿಂದ ಒಂದು ಸಂಬಂಧ ಬಂದಿದೆ. ಹುಡುಗ ದುಬೈಯಲ್ಲಂತೆ. ಬುಧವಾರ ನೋಡ್ಲಿಕ್ಕೆ ಬರ್ತಾರೆ."

ನೌಫಲ್ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ. ಇವನಿಗೆ ಈಗಲೂ ಪುಟದ್ದೇ ಚಿಂತೆ ಎಂದುಕೊಂಡಳು ಶಮ್ನಾ. ಅವನು ಏನನ್ನೋ ಟೈಪ್ ಮಾಡಿ, ಸೇವ್ ಒತ್ತದೆ, ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ.

"ನೋಟಿಸು: ಶಮ್ನಾಳನ್ನು ನನಗೆ ಕೇಳಲು ನನ್ನ ಉಮ್ಮ ಬರುವ ಭಾನುವಾರ ತೋಡಾರಿಗೆ ಬರಲಿದ್ದಾರೆ. ಆಕ್ಷೇಪಣೆಗೆ ಒಂದು ವಾರ."

ಅಕ್ಷರಗಳು ಅವಳ ಕಣ್ಣಲ್ಲಿ ಮಂಜಾದವು. "ಬುಧವಾರ ಅಂದದ್ದು ಕೇಳ್ಲಿಲ್ವಾ ನಿಮಗೆ?"

"ಕೇಳಿತು. ಆದ್ರೆ ನಿಯಮ ನಿಮ್ಮದೇ ಅಲ್ವಾ."

ಶಮ್ನಾ ಲ್ಯಾಪ್‌ಟಾಪನ್ನು ಎಳೆದುಕೊಂಡಳು. 'ಬರುವ ಭಾನುವಾರ'ವನ್ನು ಅಳಿಸಿ 'ನಾಳೆ' ಎಂದು ಬರೆದಳು. ಕೊನೆಯ ಸಾಲನ್ನು ತೆಗೆದೇ ಹಾಕಿದಳು.

"ನೋಟಿಸು ಹಾಕದೆ ತಿದ್ದಿದ್ರಲ್ಲ?" ಅವನು ಕೇಳಿದ.

"ಹೌದು. ಜಗಳ ಮಾಡ್ಲಿಕ್ಕುಂಟಾದ್ರೆ ನಾಳೆ ನೀವೂ ಉಮ್ಮನ ಒಟ್ಟಿಗೆ ಬನ್ನಿ."