ಗಾಜು ಬಿಟ್ಟು ಹೋದ ಕಳ್ಳ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಇಬ್ಬರು ಮುದುಕರು. ಮುಂದಿದ್ದವರು ಇಟ್ಟಿಗೆ ಸಾಹುಕಾರರು. ಭಟ್ಟಿ ಮಾರಿ ಎಂಟು ವರ್ಷವಾಗಿದ್ದರೂ ಆ ಹೆಸರು ಅವರ ಬೆನ್ನು ಬಿಟ್ಟಿರಲಿಲ್ಲ. ಹಿಂದಿದ್ದವರು ಗಾಜಿನ ಮೇಸ್ತ್ರಿ. ಕ್ಯಾಮೆರಾ, ದುರ್ಬೀನು, ಸೂಕ್ಷ್ಮದರ್ಶಕ, ಹೀಗೆ ಒಳಗೆ ಗಾಜಿರುವ ಏನನ್ನು ಕೊಟ್ಟರೂ ಬಿಚ್ಚಿ ಸರಿಮಾಡುವವರು.

"ನನ್ನ ಬಂದೂಕಿನ ದುರ್ಬೀನು ಕಳುವಾಗಿದೆ. ಜರ್ಮನ್ ಮಾಲು, ನಮ್ಮಪ್ಪನ ಕಾಲದ್ದು. ರಿಪೇರಿಗೆ ಅಂತ ಇವರ ಅಂಗಡೀಲಿ ಕೊಟ್ಟಿದ್ದೆ. ಕದ್ದಿರೋರು ಇವರೇ ಅಂತ ಬರ್ಕೊಳ್ಳಿ," ಎಂದರು ಸಾಹುಕಾರರು.

"ಯಾರು ಅಂತ ನಾವು ನೋಡ್ಕೋತೀವಿ. ಏನಾಯ್ತು ಅಂತ ನೀವು ಹೇಳಿ," ಎಂದರು ಇನ್ಸ್‌ಪೆಕ್ಟರ್. ಹೆಂಗಸು ಅಧಿಕಾರಿ ಎಂದು ದನಿ ಏರಿಸುವವರನ್ನು ಅವರು ಇಪ್ಪತ್ತು ವರ್ಷಗಳಿಂದ ಹೀಗೆಯೇ ಕೂರಿಸುತ್ತ ಬಂದಿದ್ದರು. ಸಾಹುಕಾರರು ಕೂತರು. ಮೇಸ್ತ್ರಿ ಕೂರಲಿಲ್ಲ.

ಆದದ್ದು ಇಷ್ಟು. ಗುರುವಾರ ದುರ್ಬೀನು ಅಂಗಡಿಗೆ ಬಂತು. ಶನಿವಾರ ಸಂಜೆ ಐದಕ್ಕೆ ಮೇಸ್ತ್ರಿ ಅದರ ಮುಂದಿನ ಗಾಜನ್ನು, ಅದನ್ನು ಹಿಡಿದ ಲೋಹದ ಬಳೆಯ ಸಮೇತ ಬಿಚ್ಚಿ ತಟ್ಟೆಯಲ್ಲಿಟ್ಟರು, ಆಮೇಲೆ ಕೆಲಸ ನಿಲ್ಲಿಸಿ ಬೀಗ ಹಾಕಿ ಮನೆಗೆ ಹೋದರು. ಭಾನುವಾರ ರಜೆ. ಸೋಮವಾರ ಒಂಬತ್ತಕ್ಕೆ ಬಾಗಿಲು ತೆಗೆದರೆ ದುರ್ಬೀನು ಇಲ್ಲ.

"ಸಿಕ್ಕರೆ ಅದೇ ಅಂತ ಹೇಗೆ ಗುರುತು ಹಿಡಿಯೋದು?"

ಮೇಸ್ತ್ರಿ ಬಾಯಿ ಬಿಟ್ಟಿದ್ದೇ ಆಗ. "ಉಕ್ಕಿನ ಕೊಳವೆ, ಒಂದು ಮೊಳಕ್ಕೆ ಸ್ವಲ್ಪ ಕಮ್ಮಿ. ಮೇಲೊಂದು ಸಣ್ಣ ಚಕ್ರ, ಅದರ ಮೇಲೆ ಒಂದರಿಂದ ಎಂಟರವರೆಗೆ ಅಂಕಿ. ಒಳಗೆ ನೋಡಿದ್ರೆ ಮೂರು ಕಡ್ಡಿ ಕಾಣುತ್ತೆ. ಎರಡು ಪಕ್ಕದಿಂದ, ಒಂದು ಕೆಳಗಿಂದ. ಕೆಳಗಿಂದು ಚೂಪು, ಅದರ ತುದೀನೇ ಗುರಿ. ಚಕ್ರ ತಿರುಗಿಸಿದ್ರೆ ಆ ಕಡ್ಡಿ ಕಣ್ಣೆದುರೇ ಮೇಲೆ ಕೆಳಗೆ ಹೋಗುತ್ತೆ. ಈಗಿನ ಮಾಲಲ್ಲಿ ಹಾಗಾಗಲ್ಲ, ನಡುವಲ್ಲೇ ನಿಂತಿರುತ್ತೆ. ಕೊಳವೆ ಮೇಲೆ ಐದಂಕಿ ನಂಬರ್ ಕೊರೆದಿದೆ. ನಾನು ಬಿಚ್ಚಿಟ್ಟ ಬಳೆ ಮೇಲೂ ಅದೇ ನಂಬರ್."

"ಬೇರೆ ಗುರುತು?"

ಅವರು ತಡೆದರು. "ಒಳಗೆ ನನ್ನ ಗುರುತಿದೆ. ಇಪ್ಪತ್ತೆರಡು ವರ್ಷದ ಹಿಂದೆ ಹಾಕಿದ್ದು."

ಗೋಡೆಗೊರಗಿ ನಿಂತಿದ್ದ ದಫೇದಾರ ನೆಟ್ಟಗಾದ. ಇಪ್ಪತ್ತೆರಡು ವರ್ಷದ ಹಿಂದೆ ಅವನು ಇದೇ ಠಾಣೆಗೆ ಹೊಸದಾಗಿ ಬಂದ ಪೇದೆ.

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಇನ್ಸ್‌ಪೆಕ್ಟರ್ 'ಅಪರಿಚಿತ' ಎಂದೇ ಬರೆಸಿದರು. ಸಾಹುಕಾರರಿಗೆ ಅದು ಹಿಡಿಸಲಿಲ್ಲ.

ಹನ್ನೆರಡೂ ಕಾಲಿಗೆ ಸ್ಥಳ ಪಂಚನಾಮೆ. ಅಂಗಡಿ ಇದ್ದದ್ದು ಕಿರುಗಲ್ಲಿಯ ಮಹಡಿಯ ಮೇಲೆ, ಒಂದೇ ಕೋಣೆ. ಕೆಳಗಿನ ಟೈಲರ್ ಮತ್ತು ಎದುರಿನ ಬೀಗದ ವ್ಯಾಪಾರಿ ಪಂಚರು. ಬಾಗಿಲಿನ ಬೀಗವನ್ನು ತಿರುವಿ ತಿರುವಿ ನೋಡಿದ ಬೀಗದವನು, "ಮುರಿದಿಲ್ಲ, ಮೀಟಿಲ್ಲ. ಕೀಲಿ ಹಾಕಿ ತೆಗೆದಿದ್ದಾರೆ, ಹಾಗೇ ಕೀಲಿ ಹಾಕಿ ಮುಚ್ಚಿದ್ದಾರೆ. ನನ್ನ ಅಂಗಡಿ ಮಾಲು ಅಂತ ಹೇಳ್ತಿಲ್ಲ," ಎಂದ.

ಕಿಟಕಿಗೆ ಮುಖ ಮಾಡಿ ಉದ್ದನೆಯ ಮೇಜು. ಅದರ ಮೇಲೆ ನಡುವೆ ಕಚ್ಚು ಹಾಕಿದ ಮರದ ಒರಗು, ಖಾಲಿ. ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದ ತಟ್ಟೆ, ತಟ್ಟೆಯಲ್ಲಿ ದುರ್ಬೀನಿನ ಮುಂದಿನ ಗಾಜು, ಅದರ ಮೇಲೆ ಬೋರಲು ಹಾಕಿದ ಗಾಜಿನ ಮುಚ್ಚಳ. ಕಿಟಕಿಯ ಕಟ್ಟೆಯ ಮೇಲೆ ಶನಿವಾರದ ಊಟದ ಡಬ್ಬಿ, ಒಳಗೆ ಅರ್ಧ ಊಟ ಹಾಗೇ ಇತ್ತು. ಪಕ್ಕದಲ್ಲಿ ಇವತ್ತಿನ ಇನ್ನೊಂದು ಡಬ್ಬಿ, ತೆರೆದಿರಲಿಲ್ಲ.

ದಫೇದಾರನಿಗೆ ಮಂಡಿನೋವು. ಮೂಲೆಯ ಸ್ಟೂಲನ್ನು ಎಳೆದುಕೊಂಡ.

"ಅಲ್ಲಿ ಬೇಡ!" ಎಂದರು ಮೇಸ್ತ್ರಿ. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಮೆಲ್ಲಗೆ, "ಕುರ್ಚಿ ಇದೆ. ಕುರ್ಚೀಲಿ ಕೂತ್ಕೊಳ್ಳಿ," ಎಂದರು.

ಸ್ಟೂಲಿನ ಮೇಲೆ ಒಂದಿಷ್ಟೂ ಧೂಳಿರಲಿಲ್ಲ. ದಿನಾ ಯಾರೋ ಅದನ್ನು ಒರೆಸುತ್ತಿದ್ದರು. ದಫೇದಾರ ಕುರ್ಚಿಯಲ್ಲೂ ಕೂರಲಿಲ್ಲ.

ಇನ್ಸ್‌ಪೆಕ್ಟರ್ ತಟ್ಟೆಯತ್ತ ಬೆರಳು ತೋರಿಸಿದರು. "ಈ ಮುಚ್ಚಳ ನೀವು ಮುಚ್ಚಿದ್ದಾ?"

ಮೇಸ್ತ್ರಿ ಯೋಚಿಸಿದರು. "ಇಲ್ಲ. ಶನಿವಾರ ಅದನ್ನ ಮುಂದೆ ಬಿಚ್ಚೋಕೆ ಮನಸ್ಸಾಗಲಿಲ್ಲ. ಹಾಗೇ ಎದ್ದು ಹೋದೆ."

"ಈ ಗಾಜಿಲ್ಲದೆ ದುರ್ಬೀನು ಕಾಣುತ್ತಾ?"

"ಬರೀ ಕೊಳವೆ. ಮೂರು ಕಾಸಿಗೂ ಯಾರೂ ತಗೊಳ್ಳಲ್ಲ."

ಮೆಟ್ಟಿಲಿಳಿಯುವಾಗ ದಫೇದಾರ ಹಳೆಯದನ್ನೆಲ್ಲ ಹೇಳಿದ. ಅವನೇ ಬರೆದ ಪಂಚನಾಮೆ, ಮರೆಯುವಂತಿರಲಿಲ್ಲ. ಬೆಳೆಗೆ ನುಗ್ಗುತ್ತಿದ್ದ ಹಂದಿಯನ್ನು ಹೊಡೆಯಲು ಸಾಹುಕಾರರಿಗೆ ಪರವಾನಗಿ ಸಿಕ್ಕಿತ್ತು. ಬೇಟೆಯ ಹಿಂದಿನ ಸಂಜೆ, ರಿಪೇರಿಯಾದ ದುರ್ಬೀನನ್ನು ಇದೇ ಅಂಗಡಿಯಿಂದ ತೆಗೆದುಕೊಂಡು ಹೋದವನು ಅವರ ಜೊತೆ ಹಂದಿಯ ಜಾಡು ಹಿಡಿಯುತ್ತಿದ್ದ ಜಾಡುಗಾರ. ಬೆಳಿಗ್ಗೆ ಆರೂ ಕಾಲಿಗೆ ಸಾಹುಕಾರರು ನೂರೈವತ್ತು ಗಜದಿಂದ ಹಂದಿಗೆ ಗುರಿಯಿಟ್ಟು ಹೊಡೆದರು. ಗುಂಡು ಹಂದಿಯ ಬಲಕ್ಕೆ ಸರಿದು, ಅದರ ಆಚೆ ಎತ್ತರದ ಹುಲ್ಲಿನಲ್ಲಿ ಕಾಣದಂತೆ ಕೂತಿದ್ದ ಜಾಡುಗಾರನಿಗೆ ಬಿತ್ತು, ಅವನು ಅಲ್ಲೇ ಸತ್ತ. ದುರ್ಬೀನು ಮೋಸ ಮಾಡಿತು ಎಂದರು ಸಾಹುಕಾರರು. ನಾನು ಸರಿಯಾಗಿಯೇ ಕೂಡಿಸಿದ್ದೆ ಎಂದು ಮೇಸ್ತ್ರಿ ವಿಚಾರಣೆಯಲ್ಲಿ ಪ್ರಮಾಣ ಮಾಡಿದರು. ಬಿಚ್ಚಿ ನೋಡಬಲ್ಲ ಮೂರನೆಯವರು ಊರಲ್ಲಿರಲಿಲ್ಲ. ಅಪಘಾತವೆಂದು ಫೈಲು ಮುಚ್ಚಿತು, ದುರ್ಬೀನು ಸಾಹುಕಾರರ ಬೀರು ಸೇರಿತು.

"ಹಾಗಾದ್ರೆ ಮೇಸ್ತ್ರೀನೇ ಹೆದರಿಕೊಂಡು ಬಚ್ಚಿಟ್ಟಿರ್ತಾರೆ, ಮೇಡಂ."

"ಮೇಸ್ತ್ರಿ ಬಚ್ಚಿಟ್ರೆ ಗಾಜನ್ನೂ ಸೇರಿಸಿ ಬಚ್ಚಿಡ್ತಿದ್ರು. ಹೊರಗಿನ ಕಳ್ಳ ಆಗಿದ್ರೆ ಗಾಜಿಗೆ ಧೂಳು ಕೂರುತ್ತೆ ಅಂತ ಮುಚ್ಚಳ ಮುಚ್ತಿರಲಿಲ್ಲ. ಗಾಜು ಮುಚ್ಚಿಡಬೇಕು ಅನ್ನೋದು ಗೊತ್ತು, ಆದ್ರೆ ಯಾವ ಗಾಜು ಯಾವುದಕ್ಕೆ ಅಂತ ಗೊತ್ತಿಲ್ಲ. ಅಂಥೋರು ಯಾರು?"

ದಫೇದಾರ ಎರಡು ಮೆಟ್ಟಿಲು ಇಳಿದ. "ಡಬ್ಬಿ ತರೋರು," ಎಂದ.

ಮಧ್ಯಾಹ್ನ ಮೂರು ಹತ್ತು. ಮೇಸ್ತ್ರಿಯ ಮನೆ ಎರಡು ಬೀದಿ ಆಚೆ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸೂಜಿಯಲ್ಲಿ ದಾರವಿರಲಿಲ್ಲ.

"ಅಂಗಡಿ ಕೀಲಿ ಎಷ್ಟಿದೆ, ಅಮ್ಮ?"

"ಎರಡು. ಒಂದು ಅವರ ಹತ್ರ, ಒಂದು ನನ್ನ ಹತ್ರ."

"ನಿನ್ನೆ ಅಂಗಡಿಗೆ ಹೋಗಿದ್ರಾ?"

"ಡಬ್ಬಿ ತರೋಕೆ ಹೋಗಿದ್ದೆ."

"ಶನಿವಾರದ ಡಬ್ಬಿ ಇನ್ನೂ ಅಲ್ಲೇ ಇದೆ."

ಆಕೆ ಸುಳ್ಳು ಹೇಳಿ ಅಭ್ಯಾಸವಿದ್ದವರಲ್ಲ. ಎದ್ದು ಯಂತ್ರದ ಪೆಟ್ಟಿಗೆಯ ಮುಚ್ಚಳ ತೆಗೆದು, ಗಂಡನ ಹಳೆ ಅಂಗಿಯಲ್ಲಿ ಸುತ್ತಿದ ಕೊಳವೆಯನ್ನು ಕೊಟ್ಟರು. ಕೊಡುವಾಗಲೂ ಎರಡು ಕೈಯಲ್ಲಿ ಹಿಡಿದಿದ್ದರು.

"ಯಾಕೆ ಎಸೆಯಲಿಲ್ಲ?" ಎಂದರು ಇನ್ಸ್‌ಪೆಕ್ಟರ್.

"ಎಸೆಯೋಣ ಅಂತಾನೇ ತಂದೆ. ಅವರ ಕೈ ಕೆಲಸ ಮಾಡಿದ ಸಾಮಾನನ್ನ ಒಂದು ದಿನಾನೂ ಎಸೆದವಳಲ್ಲ. ಆಗಲಿಲ್ಲ."

"ಕದ್ದದ್ದು ಯಾಕೆ?"

"ಅವರು ಅದನ್ನ ಪೂರ್ತಿ ಬಿಚ್ಚಬಾರದು ಅಂತ," ಎಂದು ಆಕೆ ಮತ್ತೆ ಯಂತ್ರದ ಮುಂದೆ ಕೂತರು.

ವಿಧಿಯ ಕುಚೋದ್ಯವನ್ನು ಪೊಲೀಸರ ಕಾಗದಪತ್ರವೇ ನಡೆಸಿಕೊಡುವುದುಂಟು. ಸಿಕ್ಕಿದ ಮಾಲು ಅದೇ ಎಂದು ಪಂಚರ ಮುಂದೆ ಗುರುತಿಸಬೇಕು. ಸಂಶಯಕ್ಕೆ ಎಡೆಯಿಲ್ಲದ ಗುರುತು ಕೊಳವೆಯ ಒಳಗಿತ್ತು. ಬಿಚ್ಚಬಾರದೆಂದು ಆಕೆ ಕದ್ದದ್ದನ್ನು, ಕದ್ದಿದ್ದರಿಂದಲೇ ಬಿಚ್ಚಬೇಕಾಯಿತು.

ನಾಲ್ಕು ನಲವತ್ತಕ್ಕೆ ಎಲ್ಲರೂ ಮತ್ತೆ ಆ ಕೋಣೆಯಲ್ಲಿ ಸೇರಿದರು. ಸಾಹುಕಾರರು ಬಾಗಿಲ ಬಳಿ, ಮೇಸ್ತ್ರಿಯ ಹೆಂಡತಿ ದಫೇದಾರನ ಪಕ್ಕದಲ್ಲಿ. ಸ್ಟೂಲಿನ ಸುತ್ತ ಮಾತ್ರ ಯಾರೂ ನಿಲ್ಲಲಿಲ್ಲ, ಯಾರೂ ಹೇಳದಿದ್ದರೂ.

ಮೇಸ್ತ್ರಿ ಕೊಳವೆಯ ಪಕ್ಕದ ಪುಟ್ಟ ಮುಚ್ಚಳವನ್ನು ತಿರುಗಿಸಿ ತೆಗೆದರು. ಒಳಗೆ ಕಡ್ಡಿಗಳ ಚೌಕಟ್ಟನ್ನು ಬಿಗಿದ ತಿರುಪು. ತಿರುಪಿನ ತಲೆಯ ಮೇಲೆ ಕೆಂಪು ಅರಗಿನ ಚುಕ್ಕೆ. ಅರಗಿನಲ್ಲಿ ಸೂಜಿಯಿಂದ ಗೀಚಿದ ತಾರೀಕು. ಇನ್ಸ್‌ಪೆಕ್ಟರ್ ಭೂತಗನ್ನಡಿಯಲ್ಲಿ ನೋಡಿದರು. ಗುಂಡು ಹಾರಿದ ಹಿಂದಿನ ದಿನದ ತಾರೀಕು. ಅರಗು ಎಲ್ಲೂ ಒಡೆದಿರಲಿಲ್ಲ.

"ಅಂದ್ರೆ ಅವತ್ತಿಂದ ಇದನ್ನ ಯಾರೂ ಮುಟ್ಟಿಲ್ಲ."

"ಯಾರೂ ಮುಟ್ಟಿಲ್ಲ," ಎಂದರು ಮೇಸ್ತ್ರಿ.

"ಗುರುತಿಗೆ ಇಷ್ಟು ಸಾಕು. ಮುಚ್ಚಿ," ಎಂದರು ಇನ್ಸ್‌ಪೆಕ್ಟರ್. ನಿಜವಾಗಿಯೂ ಅಷ್ಟು ಸಾಕಾಗಿತ್ತು. ಪಂಚನಾಮೆಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

"ನನಗೆ ಸಾಕಾಗಲ್ಲ, ಮೇಡಂ."

"ಬೇಡ ಅಂದ್ರೆ!" ಎಂದರು ಹೆಂಡತಿ. "ನಿಮ್ಮ ಕಾಲು ಹಿಡ್ಕೋತೀನಿ, ಬೇಡ."

ಮೇಸ್ತ್ರಿ ಸ್ಟೂಲಿನ ಕಡೆ ನೋಡಿಕೊಂಡೇ ಹೇಳಿದರು. "ಅವನು ಅಲ್ಲಿ ಕೂತಿದ್ದ. ಬೇಗ ಮೇಸ್ತ್ರೀ, ಬೇಗ ಅಂತಿದ್ದ. ಒಂದು ಲೋಟ ನೀರು ಕುಡಿದ. ತಿರುಪು ಬಿಗಿಯುವಾಗ ಕಡ್ಡಿ ಒಂಚೂರು ಜರುಗುತ್ತೆ. ಅದಕ್ಕೇ ಅರಗು ಒಣಗಿದ ಮೇಲೆ ಇನ್ನೊಂದು ಸಲ ತಿರುಗಿಸಿ ನೋಡಬೇಕು. ಅವತ್ತು ನೋಡಿದ್ನೋ ಇಲ್ವೋ ನೆನಪಿಲ್ಲ. ನೋಡಿದೆ ಅಂತ ಪ್ರಮಾಣ ಮಾಡಿದೆ. ಆದ್ರೆ ನೆನಪಿರಲಿಲ್ಲ. ಇವತ್ತಿಗೂ ಇಲ್ಲ."

ಅವರು ಗಾಜಿನ ಬಳೆಯನ್ನು ಕೊಳವೆಗೆ ಸೇರಿಸಿದರು. ಮೇಲಿನ ಚಕ್ರವನ್ನು ನಡುವಿಗೆ ತಂದು, ದುರ್ಬೀನನ್ನು ಮರದ ಒರಗಿನ ಕಚ್ಚಿನಲ್ಲಿ ಮಲಗಿಸಿದರು. ಕಿಟಕಿಯಾಚೆ ಎಪ್ಪತ್ತೈದು ಗಜ ದೂರದಲ್ಲಿ ನೀರಿನ ಟ್ಯಾಂಕು. ಅದರ ಮೈಮೇಲೆ ಅವರೇ ಎಂದೋ ಹಾಕಿದ ಕರಿ ಬೊಟ್ಟು, ಪಕ್ಕದಲ್ಲಿ ಅಳತೆಯ ಗೆರೆಗಳು.

"ಕೊಳವೆಯನ್ನ ಇಲ್ಲೇ ಉರುಳಿಸ್ತೀನಿ. ಸರಿಯಾಗಿದ್ರೆ ಕಡ್ಡಿ ತುದಿ ಒಂದೇ ಕಡೆ ನಿಂತಿರುತ್ತೆ. ಓರೆಯಾಗಿದ್ರೆ ಸುತ್ತು ಹೊಡೆಯುತ್ತೆ. ಮಕ್ಕಳಿಗೂ ತಿಳಿಯುತ್ತೆ."

ಮೊದಲು ಅವರು ನೋಡಿದರು. ಮೆಲ್ಲಗೆ ಉರುಳಿಸಿದರು. ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿ ಉರುಳಿಸಿದರು. ಆಮೇಲೆ ಪಕ್ಕಕ್ಕೆ ಸರಿದು ಇನ್ಸ್‌ಪೆಕ್ಟರಿಗೆ ಜಾಗ ಬಿಟ್ಟರು.

ಗಾಜಿಗೆ ಗಾಜು ಅಂಟಿಸಿದ ಅಂಟು ಹಳದಿಯಾಗಿತ್ತು. ಅದರ ಮೂಲಕ ಟ್ಯಾಂಕು ಯಾವುದೋ ಹಳೆಯ ಸಂಜೆಯಲ್ಲಿ ನಿಂತಂತೆ ಕಂಡಿತು. ಚೂಪು ಕಡ್ಡಿ ಬೊಟ್ಟನ್ನು ಬಿಟ್ಟು, ಬೊಟ್ಟಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಹೊರಟಲ್ಲಿಗೇ ಬಂದು ನಿಂತಿತು. ಗುಂಡು ಒಬ್ಬ ಮನುಷ್ಯನತ್ತ ಹೋಗುವಾಗಲೂ ಹಂದಿಯನ್ನೇ ತೋರಿಸುತ್ತಿದ್ದ ಗಾಜು ಇದು ಎಂಬುದು ಇನ್ಸ್‌ಪೆಕ್ಟರಿಗೆ ನೆನಪಾಯಿತು.

"ಎಷ್ಟು ಓರೆ?" ಎಂದು ಕೇಳಿದರು, ಕಣ್ಣು ತೆಗೆಯದೆ.

"ಈ ದೂರಕ್ಕೆ ಒಂದು ಮೊಳ," ಎಂದರು ಮೇಸ್ತ್ರಿ. "ನೂರೈವತ್ತು ಗಜಕ್ಕೆ ಎರಡು."

ದಫೇದಾರ ಹಳೆಯ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದ. ಬಿಚ್ಚುವ ಅಗತ್ಯವಿರಲಿಲ್ಲ, ಆದರೂ ಬಿಚ್ಚಿದ. ಅವನದೇ ಎಳೆಯ ಅಕ್ಷರದಲ್ಲಿ ನಕ್ಷೆ. ಗುರಿಯಿಟ್ಟ ಗೆರೆಯಿಂದ ಮನುಷ್ಯ ಬಿದ್ದಲ್ಲಿಗೆ, ಬಲಕ್ಕೆ ಎರಡು ಮೊಳ.

"ತಪ್ಪು ನನ್ನದೇ," ಎಂದರು ಮೇಸ್ತ್ರಿ.

ಎಲ್ಲರೂ ಸಾಹುಕಾರರ ಕಡೆ ತಿರುಗಿದರು. ಇಪ್ಪತ್ತೆರಡು ವರ್ಷ ಅವರು ಕಾದದ್ದು ಈ ಒಂದು ಮಾತಿಗೆ, ದುರ್ಬೀನನ್ನು ಮತ್ತೆ ಮೇಸ್ತ್ರಿಯ ಕೈಗೇ ಕೊಟ್ಟದ್ದೂ ಇದಕ್ಕೇ. ಕುಡಿದು ಹೊಡೆದ ಎಂದು ಊರು ಆಡಿಕೊಂಡಿತ್ತು, ಮಗಳು ಬಂದೂಕಿರುವ ಮನೆಗೆ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದ್ದಳು. ಗೆದ್ದವರಂತೆ ಅವರು ಕಾಣಲಿಲ್ಲ. ಗೋಡೆ ಹಿಡಿದುಕೊಂಡರು.

"ದುರ್ಬೀನು ಬಿಚ್ಚಿ ಕೂಡಿಸಿದ ಮೇಲೆ ಒಂದು ಗುಂಡು ಹಲಗೆಗೆ ಹೊಡೆದು ನೋಡಬೇಕು," ಎಂದರು. "ನಮ್ಮಪ್ಪ ಮೊದಲು ಕಲಿಸಿದ್ದೇ ಅದು. ಹೊತ್ತಾಯ್ತು ಅಂತ ನೋಡಲಿಲ್ಲ. ಅದನ್ನ ನಾನು ಯಾರಿಗೂ ಹೇಳಿಲ್ಲ."

ಐದೂವರೆಗೆ ಮೇಸ್ತ್ರಿಯ ಹೆಂಡತಿಯ ದಸ್ತಗಿರಿಯಾಯಿತು. ದೂರು ವಾಪಸ್ ತಗೋತೀನಿ ಎಂದು ಸಾಹುಕಾರರು ಅಂಗಲಾಚಿದರು. ಅದನ್ನು ನಾಳೆ ನ್ಯಾಯಾಧೀಶರ ಮುಂದೆ ಹೇಳಿ ಎಂದರು ಇನ್ಸ್‌ಪೆಕ್ಟರ್. ಹೊರಡುವ ಮುಂಚೆ ಮೇಸ್ತ್ರಿ ಕೇಳಿದ್ದು ಒಂದೇ, ಜಾಡುಗಾರನ ಮನೆಯವರ ವಿಳಾಸ. ದಫೇದಾರ ಹಳೆಯ ಫೈಲಿನಿಂದ ಚೀಟಿಗೆ ಇಳಿಸಿಕೊಟ್ಟ. ನಾಳೆ ಬೆಳಿಗ್ಗೆ ಜೊತೆಗೆ ತಾನೂ ಬರುತ್ತೇನೆ ಎಂದರು ಸಾಹುಕಾರರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ತಾವೇ ಹೇಳಿಕೆ ಬರೆದುಕೊಂಡರು.

"ನಮ್ಮನೇಲಿ ಇಷ್ಟು ವರ್ಷ ಮೂರು ಜನ ಇದ್ವಿ, ಮೇಡಂ," ಎಂದರು ಆಕೆ. "ಅವರು, ನಾನು, ಆ ಸತ್ತವನು. ಮೂರನೆಯವನನ್ನ ನಾನು ಕಂಡಿಲ್ಲ, ಅವರಿಗೆ ದಿನಾ ಕಾಣ್ತಿದ್ದ. ಡಬ್ಬೀಲಿ ಅರ್ಧ ಅವನಿಗೆ ಅಂತ ಬಿಡ್ತಿದ್ರು. ತಪ್ಪು ತನ್ನದಲ್ಲದೇನೂ ಇರಬಹುದು ಅನ್ನೋ ಆಸೆ ಅವರಿಗಿತ್ತಲ್ಲ, ಅದರಿಂದಾನೇ ಉಳಿದರ್ಧ ತಿಂತಿದ್ರು. ತನ್ನದೇ ಅಂತ ಗೊತ್ತಾದ್ರೆ ಅದನ್ನೂ ಬಿಟ್ಟು ಸಾಯ್ತಾರೆ ಅಂತ ಹೆದರಿದೆ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಆ ಹೊತ್ತಿಗೆ ಅಂಗಡಿಗೆ ಮೊಹರು ಹಾಕಲು ಹೋಗಿದ್ದ ದಫೇದಾರ ಮರಳಿ ಬಂದ. ಅವನ ಕೈಯಲ್ಲಿ ಊಟದ ಡಬ್ಬಿಯಿತ್ತು.

"ಇವತ್ತು ಬೆಳಿಗ್ಗೆ ನೀವು ಕಟ್ಟಿಕೊಟ್ಟಿದ್ದಂತೆ, ಅಮ್ಮ. ಈಗ ಮೇಸ್ತ್ರಿ ಊಟ ಮಾಡಿದ್ರು. ಅವರು ಮುಗಿಸೋವರೆಗೂ ಕಾದಿದ್ದೆ."

"ಎಲ್ಲಿ ಕೂತು ಮಾಡಿದ್ರು?"

"ಆ ಸ್ಟೂಲಿನ ಮೇಲೆ."

ಆಕೆ ಡಬ್ಬಿಯನ್ನು ತೆಗೆದುಕೊಂಡು ಮುಚ್ಚಳ ತೆರೆದರು. ಒಳಗೆ ಏನೂ ಉಳಿದಿರಲಿಲ್ಲ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಗಸು ಆ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತರು.