ಹಿಂದಿನ ಗಾಜಿನ ಹಬೆ

ನಮ್ಮ ಭಾವನಷ್ಟು ನಯವಾಗಿ ಸುಳ್ಳು ಹೇಳುವವರನ್ನು ನಾನು ಕಂಡಿಲ್ಲ. "ಕಣ್ಣು ಮುಚ್ಕೊಂಡು ತಗೋ, ಮನೆ ಗಾಡಿ" ಎಂದು ತಮ್ಮ ಹಳೇ ಕಾರನ್ನು ನನ್ನ ತಲೆಗೆ ಕಟ್ಟಿದರು. ಮೊದಲ ವಾರದಿಂದಲೇ ಎಂಜಿನ್ ತಣಿಸಲು ರೇಡಿಯೇಟರಿಗೆ ಹಾಕುವ ಕೂಲೆಂಟ್ ನೀರು ಮಾಯವಾಗತೊಡಗಿತು. ನೆಲದ ಮೇಲೆ ಒಂದು ಹನಿಯೂ ಇಲ್ಲ.

ಎಂಜಿನ್ನಿನೊಳಗೆ ನೀರು ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬೇಕೆಂದ ಮೆಕ್ಯಾನಿಕ್. ಆದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆಯಿಲ್ಲ, ಆಯಿಲ್‌ಗೆ ನೀರು ಬೆರೆತಿಲ್ಲ. ಹೆಡ್ ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ ಹೊಸದರಂತಿತ್ತು. ಕಾರಿನೊಳಗೆ ಮಾತ್ರ ಕೂಲೆಂಟಿನ ಸಿಹಿ ವಾಸನೆ, ಹಿಂದಿನ ಎಡಗಾಜಿನ ಒಳಮೈಯಲ್ಲಿ ಅಂಗೈಯಗಲ ಹಬೆ. "ಹೀಟರ್ ಸೋರ್ತಿದೆ" ಎಂದು ಅದರ ಪೈಪು ಕಿತ್ತು ಮುಚ್ಚಿದ. ಒರೆಸಿದ ಹಬೆ ಮತ್ತೆ ಅಲ್ಲೇ ಕಟ್ಟಿತು. ಮುಟ್ಟಿದೆ. ಗಾಜು ಬೆಚ್ಚಗಿತ್ತು.

ಕೊನೆಗೆ ಎಂಜಿನ್ನನ್ನೇ ಇಳಿಸಿ ಬೆಂಚಿನ ಮೇಲಿಟ್ಟ. ಗಾಡಿಯಲ್ಲಿ ತೊಟ್ಟು ನೀರಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಆ ಖಾಲಿ ಗಾಡಿಯ ಗಾಜಿನ ಮೇಲೆ, ನಾವಿಬ್ಬರೂ ನೋಡುತ್ತಿದ್ದಂತೆಯೇ, ಹಬೆ ಉಸಿರಾಟದ ಲಯದಲ್ಲಿ ಹರಡಿತು, ಕರಗಿತು, ಮತ್ತೆ ಹರಡಿತು. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು, "ಇದನ್ನ ತಗೊಂಡು ಹೋಗಿಬಿಡಿ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದೆ. "ಎಂಥಾ ಗಾಡಿ ಕೊಟ್ರಿ ಭಾವ? ಎಂಜಿನ್ ಇಳಿಸಿದ್ರೂ ಗಾಜಿಗೆ ಹಬೆ ಕಟ್ತಿದೆ. ಅಕ್ಕನ ಮುಖ ನೋಡಿ ಸುಮ್ನಿದ್ದೀನಿ."

ಭಾವ ಮೆಲ್ಲಗೆ, "ಹಿಂದಿನ ಎಡಗಡೆ ಗಾಜನ್ನ ಒಂದು ಬೆರಳಷ್ಟು ಇಳಿಸಿಡು. ನಾವು ಯಾವತ್ತೂ ಪೂರ್ತಿ ಮುಚ್ತಿರ್ಲಿಲ್ಲ" ಎಂದರು.

ಯಾವ ಗಾಜು ಎಂದು ನಾನು ಹೇಳಿರಲೇ ಇಲ್ಲ.